ಹೊಗೆಗೆ ದಾರಿ ಮಾಡಿದ ಮುನಿಶಾಮಮ್ಮ

ಮುನಿಶಾಮಮ್ಮನಿಗೆ ಊರಿನ ತಮಿಳರು ಇಟ್ಟಿದ್ದ ಹೆಸರು ಕೊಟ್ಟಾಂಗುಚ್ಚಿ ಅಮ್ಮ. ಕೊಟ್ಟಾಂಗುಚ್ಚಿ ಎಂದರೆ ತೆಂಗಿನ ಚಿಪ್ಪು. ಧರ್ಮಪುರಿ ಸೀಮೆಯ ಕಾರಿಮಂಗಲಂನಿಂದ ಪಾಲಕೋಡ್ ಕಡೆಗೆ ಹೋಗುವ ರಸ್ತೆಯಲ್ಲಿ, ಕೆಂಚನಪಟ್ಟಿಯ ಹುಣಿಸೆ ತೋಪಿನ ಪಕ್ಕ ಅವಳ ಮನೆ. ಮನೆಯ ಹಿಂದೆ ಸೊಂಟದಾಳದ ಎರಡು ಗುಂಡಿಗಳು. ಗಂಡ ದಾಸಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಕೊಬ್ಬರಿ ಒಣಗಿಸುವ ಕಳಗಳಿಂದ, ಹೋಟೆಲುಗಳಿಂದ, ಮದುವೆ ಮನೆಗಳಿಂದ ಚಿಪ್ಪು ತರುತ್ತಿದ್ದ. ಅದನ್ನು ಗುಂಡಿಯಲ್ಲಿ ಸುಟ್ಟು ಇದ್ದಲು ಮಾಡುವುದು ಇವಳ ಕೆಲಸ.

ಇದ್ದಲು ಸುಡುವುದು ನೋಡುವವರಿಗೆ ಸುಲಭ. ಗುಂಡಿಯ ತಳದಲ್ಲಿ ಒಂದಿಷ್ಟು ಚಿಪ್ಪಿಗೆ ಬೆಂಕಿ ಹಾಕಬೇಕು. ಜ್ವಾಲೆ ಮೇಲೆದ್ದ ಕೂಡಲೇ ಇನ್ನೊಂದು ಪದರ ಸುರಿದು ಅದನ್ನು ಅಡಗಿಸಬೇಕು. ಹೀಗೆ ಪದರದ ಮೇಲೆ ಪದರ ಹಾಕಿ ಗುಂಡಿ ತುಂಬಿದ ಮೇಲೆ ತಗಡು ಮುಚ್ಚಿ ಮಣ್ಣು ಮೆತ್ತಬೇಕು. ತಡವಾದರೆ ಎಲ್ಲ ಬೂದಿ. ಅವಸರ ಮಾಡಿದರೆ ಒಳಗೆ ಕಂದು ಬಣ್ಣದ ಅರೆಬೆಂದ ಚಿಪ್ಪು. ಅಷ್ಟು ಹೊತ್ತೂ ಗುಂಡಿಯಿಂದ ಹಳದಿ ಮಿಶ್ರಿತ ಬಿಳಿ ಹೊಗೆ ಹಗ್ಗದಂತೆ ಹೊಸೆದುಕೊಂಡು ಏಳುತ್ತಿತ್ತು. ಮುನಿಶಾಮಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಉದ್ದನೆಯ ಬಿದಿರುಗೋಲು ಹಿಡಿದು, ಹೊಗೆಯ ಬಣ್ಣ ನೋಡುತ್ತ ನಿಲ್ಲುತ್ತಿದ್ದಳು. ಅವಳ ಸೀರೆ, ತಲೆಕೂದಲು, ಮಾಡಿದ ಮುದ್ದೆ ಕೂಡ ಹೊಗೆ ವಾಸನೆ ಹೊಡೆಯುತ್ತಿತ್ತು. ದಾಸಪ್ಪ ಅದರ ಬಗ್ಗೆ ಒಂದು ದಿನವೂ ಮಾತಾಡಿದವನಲ್ಲ. ಸ್ವಭಾವತಃ ಅವನದು ಮಾತು ಕಡಿಮೆ.

ತಗ್ಗಿನಲ್ಲಿ, ಇವರ ಮನೆಯಿಂದ ಮೂಡಲಿಗೆ, ರಾಜಾತಿಯ ಹಿಪ್ಪುನೇರಳೆ ತೋಟ. ತೋಟದ ಅಂಚಿನಲ್ಲಿ ತೆಂಗಿನಗರಿ ಹೊದಿಸಿದ ಉದ್ದನೆಯ ರೇಷ್ಮೆ ಹುಳದ ಮನೆ. ರಾಜಾತಿ ತಮಿಳಿನವಳು. ಕನ್ನಡವನ್ನು ಮುನಿಶಾಮಮ್ಮನಿಂದಲೇ ಕಲಿತಿದ್ದಳು. ಇಬ್ಬರೂ ಒಟ್ಟಿಗೆ ಪಾಲಕೋಡ್ ಸಂತೆಗೆ ಹೋಗಿ ಬರುವವರು.

ತೊಂಬತ್ತೇಳರ ಆಡಿ ತಿಂಗಳು, ತಮಿಳರ ಆಷಾಢ. ಆ ವರ್ಷ ಪಡುವಣ ಗಾಳಿ ಬಿಡದೆ ಬೀಸಿತು. ರಾಜಾತಿಯ ಹುಳಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು, ಸೊಪ್ಪನ್ನು ಒಂದೇ ಸಮನೆ ತಿನ್ನುವ ಹೊತ್ತು. ಅದೇ ವಾರ ಕುಪ್ಪಸ್ವಾಮಿ ಹೆಚ್ಚು ಸರಕು ಕೇಳಿದ್ದ. ಕುಪ್ಪಸ್ವಾಮಿ ಸೇಲಂನ ಶೆವ್ವಾಪೇಟೆಯ ವ್ಯಾಪಾರಿ, ಇವಳ ಇದ್ದಲನ್ನು ಕೊಳ್ಳುವವನು. ಅವನಿಗಾಗಿ ಎರಡೂ ಗುಂಡಿಗಳು ಒಟ್ಟಿಗೆ ಉರಿದವು. ಹೊಗೆ ಮೇಲೇಳದೆ ನೆಲ ಹಿಡಿದು ತಗ್ಗಿಗೆ ಇಳಿಯಿತು.

ಒಂದು ಬೆಳಗ್ಗೆ ರಾಜಾತಿ ಬಿದಿರಿನ ತಟ್ಟೆಯೊಂದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಂದಳು. ಮುನಿಶಾಮಮ್ಮನ ಹೊಸಿಲ ಮುಂದೆ ಇಟ್ಟಳು. ತಟ್ಟೆಯ ತುಂಬ ಹುಳಗಳು. ಬಾಯಿಂದ ಹಸಿರು ನೀರು ಕಾರಿಕೊಂಡು, ಕೆಲವು ಸತ್ತು, ಕೆಲವು ತಲೆ ಮಾತ್ರ ಅಲ್ಲಾಡಿಸುತ್ತ ಬಿದ್ದಿದ್ದವು.

"ಸೊಪ್ಪು ಮುಟ್ತಾ ಇಲ್ಲ ಅಕ್ಕಾ," ಎಂದಳು. "ಮನೆ ತುಂಬ ಇಂಗೇ ಐತೆ."

"ಸೊಪ್ಪಲ್ಲಿ ಏನಾನ ಔಸ್ದಿ ಇತ್ತೇನೋ ನೋಡವ್ವಾ," ಎಂದಳು ಮುನಿಶಾಮಮ್ಮ. ಹೇಳುವಾಗಲೇ ಅವಳ ದನಿ ಇಳಿದುಹೋಯಿತು.

ರಾಜಾತಿ ಜಗಳಕ್ಕೆ ನಿಲ್ಲಲಿಲ್ಲ. ಗುಂಡಿಗಳ ಕಡೆ ಒಂದು ಸಲ ನೋಡಿ, ತಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮುನಿಶಾಮಮ್ಮ ಆ ಹುಳಗಳನ್ನು ತಿಪ್ಪೆಗೆ ಹಾಕಲು ಮನಸ್ಸಾಗದೆ ಹುಣಿಸೆ ಮರದ ಬುಡದಲ್ಲಿ ಮಣ್ಣು ತೆಗೆದು ಮುಚ್ಚಿದಳು. ತಟ್ಟೆಯನ್ನು ತೊಳೆದು ದಾಸಪ್ಪನ ಕೈಯಲ್ಲಿ ಕಳಿಸಿದಳು. ಮಾರನೆಯ ದಿನ ಗುಂಡಿಗೆ ಬೆಂಕಿ ಹಾಕಲಿಲ್ಲ. ಅದರ ಮಾರನೆಯ ದಿನವೂ ಹಾಕಲಿಲ್ಲ.

"ಇನ್ನು ಸುಡಾಕಿಲ್ವಾ?" ದಾಸಪ್ಪ ಕೇಳಿದ.

"ಎಂಗ್ ಸುಡ್ಲಿ? ಗಾಳಿನ ಇಡ್ಕೊಂಡು ನಿಲ್ಸಾಕಾಗ್ತದಾ?"

"ಆಡಿ ಕಳೀಲಿ."

"ಆಡಿ ಕಳೆದ್ರೆ ಇನ್ನೊಂದ್ ಗಾಳಿ ಬತ್ತದೆ. ಅವಳ ಮನೇಲಿ ವರ್ಸ ಪೂರ್ತಿ ಉಳ ಐತೆ."

ಇನ್ನು ಇದ್ದಲು ಕೊಡಲಾಗುವುದಿಲ್ಲ ಎಂದು ಕುಪ್ಪಸ್ವಾಮಿಗೆ ಹೇಳಿಬರಲು ಅವಳೇ ಸೇಲಂ ಬಸ್ಸು ಹತ್ತಿದಳು.

ಕುಪ್ಪಸ್ವಾಮಿ ಒರಟನಲ್ಲ. ಇದ್ದಲಿನ ಚೂರೊಂದನ್ನು ಎತ್ತಿ ಕಲ್ಲಿನ ಮೇಲೆ ಬೀಳಿಸಿ, ಅದು ಕಂಚಿನಂತೆ ಟಣ್ ಎಂದರೆ ಮಾತ್ರ ಮುಖ ಅರಳಿಸುವ ಮನುಷ್ಯ. ಅವಳ ಮಾತು ಕೇಳಿ ಬೇಸರಪಟ್ಟ. ಅವಳಿಗೆ ಟೀ ತರಿಸಿಕೊಟ್ಟು ತಮಿಳಿನಲ್ಲೇ ಹೇಳಿದ:

"ಈಗ ಬಿಟ್ಟರೆ ಹೇಗಮ್ಮಾ? ಈಗಲೇ ಬೇಡಿಕೆ ಬಂದಿರುವುದು. ಫ್ಯಾಕ್ಟರಿಯವರು ಇದನ್ನು ಇನ್ನೊಂದು ಸಲ ಕಾಯಿಸಿ, ಕಾರುಗಳಿಗೆ ಹಾಕಲು ಕಳಿಸುತ್ತಾರೆ."

"ಕಾರಿಗಾ? ಕಾರೇನು ಇದ್ದಲಲ್ಲಿ ಓಡುತ್ತಾ?"

"ಓಡುವುದಕ್ಕಲ್ಲ. ಪೆಟ್ರೋಲ್ ಹೊಗೆಯೋ ಏನೋ ಹಿಡಿಯುವುದಕ್ಕಂತೆ. ನನಗೆ ಅಷ್ಟೇ ಗೊತ್ತು."

ಇಷ್ಟು ವರ್ಷ ತನ್ನ ಇದ್ದಲು ಅಕ್ಕಸಾಲಿಗರ ಕುಲುಮೆಗೋ ಇಸ್ತ್ರಿ ಪೆಟ್ಟಿಗೆಗೋ ಹೋಗುತ್ತದೆಂದು ಮುನಿಶಾಮಮ್ಮ ತಿಳಿದಿದ್ದಳು. ಹೊಗೆ ಹಿಡಿಯುವುದಕ್ಕೆ ಎಂದು ಕೇಳಿದಾಗ, ಇವನು ತನ್ನನ್ನು ಅಣಕಿಸುತ್ತಿದ್ದಾನೆಯೇ ಎಂದು ಒಂದು ಕ್ಷಣ ಅವನ ಮುಖ ನೋಡಿದಳು. ಹಾಗೇನೂ ಕಾಣಲಿಲ್ಲ.

ಅವಳ ಅಣ್ಣನ ಮಗ ಅರವಿಂದ್ ಓಮಲೂರು ರಸ್ತೆಯ ಒಂದು ಕಾರ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಐಟಿಐ ಓದಿ, ಮದುವೆಯಾಗಿ ಸೇಲಂನಲ್ಲೇ ನೆಲೆಸಿದ್ದ. ಊರಿಗೆ ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಮುನಿಶಾಮಮ್ಮ ಅವನನ್ನು ಹುಡುಕಿಕೊಂಡು ಹೋದಳು.

ಅರವಿಂದ್ ಒಂದು ಹೊಸ ಬಿಳಿ ಕಾರಿನ ಬಾನೆಟ್ ತೆರೆದುಕೊಂಡು ನಿಂತಿದ್ದ. ಕಾರು ಬಿಸಿಲಿನಲ್ಲಿತ್ತು. ಹತ್ತಿರ ಹೋಗುತ್ತಿದ್ದಂತೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು.

"ವಾಂಗ ಅತ್ತೆ, ಬನ್ನಿ! ಎಲ್ಲಿಂದ ಬಂದ್ರಿ?" ಎಂದು ಅವನು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ಒಂದ್ ನಿಮಿಷ ಇರಿ. ಕಾಲೇಜ್ ಪ್ರೊಫೆಸರ್ ಗಾಡಿ. ಒಳಗೆ ಕೂತ್ರೆ ವಾಸನೆಗೆ ಮಕ್ಕಳು ವಾಂತಿ ಮಾಡ್ಕೋತಾವೆ ಅಂತ ತಂದು ಬಿಟ್ಟವ್ರೆ."

"ಪೆಟ್ರೋಲು ಸೋರ್ತದಾ?"

"ತೊಟ್ಟೂ ಸೋರ್ತಿಲ್ಲ. ಆವಿ ಓಗ್ತಾ ಐತೆ. ಇಲ್ ನೋಡಿ." ಇಂಜಿನ್ನಿನ ಮೂಲೆಯಲ್ಲಿ, ಪುಟ್ಟ ಬಿಂದಿಗೆಯಷ್ಟಿದ್ದ ಕಪ್ಪು ಡಬ್ಬಿಯ ಮೇಲೆ ಅವನು ಬೆರಳಿಟ್ಟ. ಅದಕ್ಕೆ ಬರುವ ರಬ್ಬರ್ ಪೈಪು ಸೀಳು ಬಿಟ್ಟಿತ್ತು. "ಇದು ಟ್ಯಾಂಕಿಂದ ಬರೋ ಪೈಪು. ಒಡೆದೈತೆ, ಅದಕ್ಕೇ ವಾಸನೆ."

"ಈ ಡಬ್ಬಿಲೇನೈತೆ?"

"ಇದ್ದಲು."

ಮುನಿಶಾಮಮ್ಮ ಡಬ್ಬಿಯ ಮೇಲೆ ಬಗ್ಗಿದಳು. ಅರವಿಂದ್ ನಕ್ಕು, ಹಿಂದಿನ ಸಾಮಾನು ರಾಶಿಯಿಂದ ಒಡೆದುಹೋದ ಅಂಥದೇ ಡಬ್ಬಿಯೊಂದನ್ನು ತಂದು ಅವಳ ಅಂಗೈಗೆ ಸುರಿದ. ಜೋಳದ ನುಚ್ಚಿನಂಥ ಕಪ್ಪು ಕಾಳುಗಳು. ಅವಳು ಮೂಸಿದಳು. ಇದ್ದಲಿನ ವಾಸನೆ ಅಲ್ಲ, ಪೆಟ್ರೋಲಿನ ವಾಸನೆ.

"ಇದು ನಮ್ ಚಿಪ್ಪಾ?"

"ಚಿಪ್ಪಿಂದೋ ಮರದ್ದೋ ನಂಗೆ ತಿಳೀದು ಅತ್ತೆ. ಎರಡೂ ಹಾಕ್ತಾರಂತೆ. ಫ್ಯಾಕ್ಟರಿಲಿ ನೀರಿನ ಆವಿ ಕೊಟ್ಟು ಇನ್ನೊಂದ್ ಕಿತ ಸುಡ್ತಾರೆ. ಆಗ ಕಣ್ಣಿಗೆ ಕಾಣ್ದಂಗೆ ಒಳಗೆಲ್ಲ ತೂತು ಬೀಳ್ತೈತೆ. ಆ ತೂತುಗಳಲ್ಲಿ ಆವಿ ಓಗಿ ಕೂತ್ಕೋತೈತೆ."

"ಆವಿನ ಯಾಕ್ ಇಡೀಬೇಕು?"

"ಪೆಟ್ರೋಲು ಟ್ಯಾಂಕಲ್ಲಿ ಸುಮ್ನಿರಲ್ಲ. ಗಾಡಿ ನಿಂತಿದ್ರೂ ಬಿಸಿಲಿಗೆ ಆವಿ ಆಗ್ತಾನೇ ಇರ್ತೈತೆ. ಹಳೇ ಕಾರುಗಳಲ್ಲಿ ಅದು ಹೊರಗೆ ಗಾಳಿಗೆ ಓಗ್ಬಿಡ್ತಿತ್ತು. ಆ ಗಾಳಿ ಕುಡಿದ್ರೆ ಒಳ್ಳೇದಲ್ಲ, ಊರೆಲ್ಲ ಕೆಡ್ತೈತೆ. ಅದಕ್ಕೇ ಹೊಸ ಗಾಡಿಗಳಲ್ಲಿ ಹೊರಗೆ ಬಿಡದೆ ಈ ಡಬ್ಬಿಗೆ ತಿರುಗಿಸ್ತಾರೆ."

ಮುನಿಶಾಮಮ್ಮ ಅಂಗೈಯಲ್ಲಿದ್ದ ಕಾಳುಗಳನ್ನು ಬೆರಳಿನಿಂದ ಆಡಿಸುತ್ತ ಕೇಳಿದಳು: "ಡಬ್ಬಿ ತುಂಬಿದ್ ಮೇಲೆ? ಎತ್ತಿ ಬಿಸಾಕ್ತೀರಾ?"

"ಇಲ್ಲ ಅತ್ತೆ, ಅದೇ ಚೆನ್ನಾಗಿರೋದು." ಅವನು ಡಬ್ಬಿಯ ಮೇಲಿನ ಇನ್ನೊಂದು ಪೈಪನ್ನು ತೋರಿಸಿದ. "ಇದು ಇಂಜಿನ್‌ಗೆ ಓಗೋದು. ಗಾಡಿ ಓಡೋವಾಗ ಇಂಜಿನ್ ಗಾಳಿ ಎಳ್ಕೋತೈತಲ್ಲ, ಆಗ ಇಲ್ಲಿಂದಾನೂ ಎಳೀತೈತೆ. ಡಬ್ಬಿ ಕೆಳಗಿಂದ ಹೊಸ ಗಾಳಿ ನುಗ್ಗಿ, ಇದ್ದಲಲ್ಲಿ ಕೂತಿದ್ದ ಆವಿನೆಲ್ಲ ಬಿಡಿಸ್ಕೊಂಡು ಇಂಜಿನ್ನೊಳಗೆ ಓಗ್ತೈತೆ. ಅಲ್ಲಿ ಉರಿದೋಗ್ತೈತೆ. ಅದೂ ಪೆಟ್ರೋಲೇ ಅಲ್ವಾ? ಗಾಡಿ ಅದರಲ್ಲೂ ಒಂದಿಷ್ಟು ದೂರ ಓಡ್ತೈತೆ. ಇದ್ದಲು ಖಾಲಿ ಆಗಿ ತಿರುಗಾ ರೆಡಿ."

ಅವನು ಹೊಸ ಪೈಪು ಹಾಕಿ ಕ್ಲಿಪ್ ಬಿಗಿದ. ಮಾತಾಡುತ್ತ ಟೀ ಕುಡಿದು ಬರುವಷ್ಟರಲ್ಲಿ ಕಾರಿನ ಸುತ್ತಲಿನ ವಾಸನೆ ಹೋಗಿತ್ತು. ಬಿಸಿಲು ಹಾಗೇ ಇತ್ತು. ಮುನಿಶಾಮಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಎರಡು ಕಡೆ ಬಗ್ಗಿ ಮೂಸಿ ನೋಡಿದಳು.

ಬಸ್ಸು ತೊಪ್ಪೂರು ಘಾಟಿ ಏರುವಾಗ ಅವಳ ತಲೆಯಲ್ಲಿ ಅದೇ ಓಡುತ್ತಿತ್ತು. ಯಾರದೋ ಕಾರಿನ ಆವಿ ಹಿಡಿಯಲು ತಾನು ಊರ ತುಂಬ ಹೊಗೆ ಬಿಟ್ಟು ರಾಜಾತಿಯ ಹುಳಗಳನ್ನು ಕೊಂದೆ ಎಂಬ ಯೋಚನೆ ಮೊದಲು ಬಂತು. ಆಮೇಲೆ ಬೇರೊಂದು ಯೋಚನೆ ಬಂತು. ಗುಂಡಿಯ ಬಾಯಲ್ಲಿ ಕೆಲವು ಸಲ ಹೊಗೆಗೇ ಬೆಂಕಿ ಹತ್ತಿ, ಗಾಳಿಯಲ್ಲೇ ನೀಲಿ ಜ್ವಾಲೆ ಓಡಾಡುವುದನ್ನು ಅವಳು ಎಷ್ಟೋ ಬಾರಿ ನೋಡಿದ್ದಳು. ಹಾಗಾದರೆ ತನ್ನ ಹೊಗೆಯೂ ಉರಿಯುವ ವಸ್ತುವೇ. ಕಾರು ಹೊರಗೆ ಬಿಡದೆ ಒಳಕ್ಕೆ ಎಳೆದು ಸುಡುವಂತೆ ಇದನ್ನೂ ಮತ್ತೆ ಬೆಂಕಿಗೇ ತಿರುಗಿಸಿದರೆ?

ಮುಂದಿನ ಭಾನುವಾರ ಅರವಿಂದ್‌ನನ್ನು ಊರಿಗೆ ಕರೆಸಿದಳು. ಅವನು ಅಂಗಳದಲ್ಲಿ ಕಡ್ಡಿಯಿಂದ ಗೀರಿ ಗೀರಿ ಚಿತ್ರ ಬರೆದ. ಒಂದು ದೊಡ್ಡ ಡ್ರಮ್ಮು, ಅದರೊಳಗೆ ಚಿಪ್ಪು, ಮೇಲೆ ಗಟ್ಟಿ ಮುಚ್ಚಳ. ಡ್ರಮ್ಮಿನ ಪಕ್ಕದಿಂದ ಒಂದು ಪೈಪು ಹೊರಟು, ಬಾಗಿ, ಕೆಳಗಿನ ಒಲೆಯೊಳಕ್ಕೆ. ಮೊದಲು ಒಲೆಗೆ ಸೌದೆ ಹಾಕಬೇಕು. ಡ್ರಮ್ಮು ಕಾದು ಚಿಪ್ಪಿನಿಂದ ಹೊಗೆ ಬಿಟ್ಟಾಗ ಅದಕ್ಕೆ ಬೇರೆ ದಾರಿಯಿಲ್ಲ. ಪೈಪಿನಲ್ಲಿ ಒಲೆಗೆ ಬಂದು ಉರಿಯಬೇಕು, ಆ ಉರಿಯೇ ಡ್ರಮ್ಮನ್ನು ಕಾಯಿಸಬೇಕು. "ಇಷ್ಟೇ ನಂಗೂ ತೋಚೋದು ಅತ್ತೆ," ಎಂದ. "ಆಗ್ತೈತಾ ಇಲ್ವಾ, ಮಾಡಿ ನೋಡ್ಬೇಕು."

ಪಾಲಕೋಡ್‌ನ ವೆಲ್ಡರ್ ಕಾಳಿಯಪ್ಪನ್ ಹಳೇ ಡ್ರಮ್ಮಿಗೆ ಪೈಪು ಬೆಸೆದು, ಮುಚ್ಚಳಕ್ಕೆ ಬೋಲ್ಟು ಇಟ್ಟು ಕೊಟ್ಟ.

ಮೊದಲ ಸಲ ಉರಿಸಿದಾಗ ಎಲ್ಲ ಸರಿಯಾಗಿಯೇ ನಡೆಯಿತು. ಪೈಪಿನ ಬಾಯಲ್ಲಿ ಜ್ವಾಲೆ ಕಾಣಿಸಿಕೊಂಡಾಗ ದಾಸಪ್ಪ ಕೂಡ "ಆಹಾ" ಎಂದ. ಸ್ವಲ್ಪ ಹೊತ್ತಿಗೆ ಜ್ವಾಲೆ ಸಣ್ಣಗಾಯಿತು. ಆರಿಹೋಯಿತು. ಡ್ರಮ್ಮಿನೊಳಗೆ ಗುಡುಗುಡು ಸದ್ದು. ಏನಾಯಿತೆಂದು ನೋಡಲು ಮುನಿಶಾಮಮ್ಮ ಹತ್ತಿರ ಹೋದಳು. ಗುಂಡು ಹಾರಿದಂಥ ಶಬ್ದದೊಂದಿಗೆ ಮುಚ್ಚಳ ಕಿತ್ತು ಹುಣಿಸೆ ಮರದ ಕೊಂಬೆಗೆ ಬಡಿಯಿತು. ಬಿಸಿ ಹಬೆ ಅವಳ ಬಲಗೈಯನ್ನು ಮೊಣಕೈಯವರೆಗೆ ಸುಟ್ಟಿತು. ಹುಬ್ಬು ಕರಕಲಾಯಿತು.

ದಾಸಪ್ಪ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಕಾರಿಮಂಗಲಂ ಆಸ್ಪತ್ರೆಗೆ ಓಡಿದ. ಮನೆಗೆ ಬಂದ ಮೇಲೆ ಮದುವೆಯಾದಾಗಿನಿಂದ ಆಡದಷ್ಟು ಮಾತಾಡಿದ.

"ಸಾಕು ಮುನ್ಶಾಮಿ. ಕಣ್ಣು ಓಗಿದ್ರೆ ಏನ್ ಮಾಡ್ತಿದ್ದೆ? ಟಮಾಟೆ ಕೀಳಾಕೆ ಓಗಾನ, ಕಬ್ಬು ಕಡಿಯಾಕೆ ಓಗಾನ. ಊರಲ್ಲಿ ಬೇರೆ ಕೆಲ್ಸ ಇಲ್ವಾ? ಆ ಡ್ರಮ್ಮ ನಾಳೆನೇ ಗುಜ್ರಿಗೆ ಆಕ್ತೀನಿ."

ಅವಳು ಎಡಗೈಯಿಂದ ಅವನಿಗೆ ಅನ್ನ ಬಡಿಸಿದಳು. ಕೈ ತುಸು ಮಾಗಿದ ಮೇಲೆ ಟೊಮೇಟೊ ತೋಟಗಳಲ್ಲಿ ಹಣ್ಣು ಆರಿಸುವ ಕೆಲಸಕ್ಕೂ ಹೋದಳು. ಡ್ರಮ್ಮು ಮಾತ್ರ ಗುಜರಿಗೆ ಹೋಗಲಿಲ್ಲ. ದಾಸಪ್ಪ ಅದನ್ನು ಗಾಡಿಗೆ ಹಾಕಲು ಎತ್ತಿದವನು, ಪೈಪಿನೊಳಗೆ ಇಣುಕಿ, ಹೆಂಡತಿಯನ್ನು ಕೂಗಿದ್ದ.

"ಇಲ್ ಬಾ. ಇದರೊಳಗೆ ನೋಡು."

ಪೈಪಿನ ಬಾಗಿದ ಜಾಗದಲ್ಲಿ ಕರಿ ಟಾರಿನಂಥ ಅಂಟು ಗಟ್ಟಿಯಾಗಿ ಕೂತು ದಾರಿಯನ್ನೇ ಮುಚ್ಚಿತ್ತು. ಹೊಗೆ ತಣ್ಣಗಾದ ಕಡೆ ಅದರ ಎಣ್ಣೆ ಅಂಟಾಗಿತ್ತು. ಹೊರಗೆ ಹೋಗಲು ದಾರಿಯಿಲ್ಲದೆ ಒತ್ತಡ ಮುಚ್ಚಳ ಕಿತ್ತಿತ್ತು.

"ಪೈಪು ಸಣ್ಣದಾಯ್ತು," ಎಂದಳು ಮುನಿಶಾಮಮ್ಮ.

"ಉದ್ದಾನೂ ಆಯ್ತು," ಎಂದ ದಾಸಪ್ಪ. ಗುಜರಿಯ ಬದಲು ಗಾಡಿಯನ್ನು ಕಾಳಿಯಪ್ಪನ್ ಅಂಗಡಿಯ ಕಡೆಗೇ ತಿರುಗಿಸಿದ.

ಈ ಸಲ ಪೈಪು ತೊಡೆಯಷ್ಟು ದಪ್ಪ, ಮೊಳದುದ್ದ. ಎಲ್ಲಿಯೂ ತಣ್ಣಗಾಗದಂತೆ ಡ್ರಮ್ಮಿನ ತಳಕ್ಕೆ ಅಂಟಿಕೊಂಡೇ ಒಲೆಗೆ ಇಳಿಯುತ್ತಿತ್ತು. ಬೋಲ್ಟುಗಳನ್ನು ಅರವಿಂದ್ ತೆಗೆಸಿದ. ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿ ಮೇಲೊಂದು ಕಲ್ಲು ಇಟ್ಟರೆ ಸಾಕು, ಒತ್ತಡ ಹೆಚ್ಚಾದರೆ ಮುಚ್ಚಳ ಹಾರದೆ ಸ್ವಲ್ಪ ಎದ್ದು ಕೂರುತ್ತದೆ ಎಂದ.

ಹೊಸ ಒಲೆ ಹಚ್ಚುವ ದಿನವನ್ನು ಮುನಿಶಾಮಮ್ಮ ರಾಜಾತಿಯನ್ನೇ ಕೇಳಿ ಗೊತ್ತುಮಾಡಿದಳು. ಹುಳದ ಮನೆ ಖಾಲಿಯಿದ್ದು ಸುಣ್ಣ ಬಳಿಸುತ್ತಿದ್ದ ಸಮಯ ಅದು. ಆ ಘಟನೆಯ ನಂತರ ಅವರಿಬ್ಬರೂ ಮಾತಾಡಿರಲಿಲ್ಲ. ತೋಟದ ಬೇಲಿಯ ಆಚೆಗೆ ನಿಂತು ಮುನಿಶಾಮಮ್ಮ ಹೇಳಿದಳು:

"ರಾಜಾತಿ, ಬಂದು ನಿನ್ ಕಣ್ಣಾರೆ ನೋಡು. ಬ್ಯಾಡ ಅಂದ್ರೆ ಇವತ್ತೇ ಡ್ರಮ್ಮು ಒಡೆದಾಕ್ತೀನಿ."

ರಾಜಾತಿ ಬಂದಳು. ಗಾಳಿ ಬೀಸುವ ಕಡೆಯಲ್ಲೇ ಹೋಗಿ ಕೈಕಟ್ಟಿ ನಿಂತಳು.

ದಾಸಪ್ಪ ಒಲೆಗೆ ಸೌದೆ ಹಚ್ಚಿದ. ಮೊದಲು ಬಿಳಿ ಹೊಗೆ ದಟ್ಟವಾಗಿ ಬಂತು. ರಾಜಾತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಖ ಗಂಟಿಕ್ಕಿದಳು. "ಇದು ಚಿಪ್ಪಿನ ತೇವ, ಇರು, ಇರು," ಎನ್ನುತ್ತ ಮುನಿಶಾಮಮ್ಮ ಒಲೆಯ ಬಾಯಿಗೆ ಬಗ್ಗಿ ನೋಡುತ್ತಿದ್ದಳು. ಹೊಗೆ ಹಳದಿಗೆ ತಿರುಗಿತು. ಒಮ್ಮೆಲೇ ಒಲೆಯೊಳಗೆ ಭರ್ ಎಂದು ಸದ್ದಾಗಿ ಪೈಪಿನ ಬಾಯಿಂದ ಕಿತ್ತಳೆ ಜ್ವಾಲೆ ಚಾಚಿತು. ದಾಸಪ್ಪ ಉಳಿದ ಸೌದೆಯನ್ನು ಹೊರಗೆಳೆದ. ಬೆಂಕಿ ಆರಲಿಲ್ಲ. ಚಿಪ್ಪಿನ ಹೊಗೆಯೇ ಚಿಪ್ಪನ್ನು ಬೇಯಿಸುತ್ತ, ತಾನೇ ಉರಿದುಹೋಗುತ್ತ, ಡ್ರಮ್ಮು ಗುಯ್‌ಗುಡುತ್ತ ನಿಂತಿತು. ಮೇಲೆ ಬಿಸಿಗಾಳಿ ನಡುಗುತ್ತಿದ್ದುದು ಬಿಟ್ಟರೆ ಏನೂ ಕಾಣಲಿಲ್ಲ.

ರಾಜಾತಿ ಸೆರಗು ಇಳಿಸಿದಳು. ಒಂದೆರಡು ಸಲ ಉಸಿರೆಳೆದು ನೋಡಿದಳು.

"ಸುರುವಲ್ಲಿ ಬಂತಲ್ಲ ಒಗೆ, ಅದು?"

"ಅದು ಬತ್ತದೆ," ಎಂದಳು ಮುನಿಶಾಮಮ್ಮ. "ಸುಳ್ಳು ಯಾಕ್ ಯೋಳ್ಲಿ. ಉರಿ ಇಡಿಯೋ ಗಂಟ ಬತ್ತದೆ."

"ಕೊನೇ ಜ್ವರ ಎದ್ದ ಉಳ ಇರೋವಾಗ ಅಚ್ಬೇಡ. ಗಾಳಿ ನಮ್ ಕಡೆ ಇದ್ದಾಗ್ಲೂ ಬ್ಯಾಡ. ಮಿಕ್ಕ ದಿನ ಅಚ್ಕೋ, ಪರವಾಯಿಲ್ಲ."

"ಆಗ್ಲಿ."

ರಾಜಾತಿ ಹೋಗುವಾಗ ಮುನಿಶಾಮಮ್ಮನ ಬಲಗೈಯ ಕಲೆಯನ್ನು ನೋಡಿದಳು.

ಮೊದಲ ಕೆಲವು ಡ್ರಮ್ಮುಗಳಲ್ಲಿ ನಡುವಿನ ಚಿಪ್ಪು ಬೇಯದೆ ಉಳಿಯಿತು. ಕುಪ್ಪಸ್ವಾಮಿ ಆ ಚೂರುಗಳನ್ನು ಕಲ್ಲಿನ ಮೇಲೆ ಬೀಳಿಸಿ, ಟಪ್ ಎಂದದ್ದನ್ನೆಲ್ಲ ಪಕ್ಕಕ್ಕಿಟ್ಟ. ಚಿಪ್ಪನ್ನು ಸಣ್ಣಗೆ ಒಡೆದು, ಚೆನ್ನಾಗಿ ಒಣಗಿಸಿ ತುಂಬಲು ಮುನಿಶಾಮಮ್ಮ ಕಲಿತಳು. ಆಮೇಲೆ ಬಂದ ಇದ್ದಲು ಗುಂಡಿಯದಕ್ಕಿಂತ ಗಟ್ಟಿ. ಮುರಿದರೆ ಒಳಗೆ ಕನ್ನಡಿಯಂತೆ ಹೊಳಪು, ಬೂದಿಯೂ ಇಲ್ಲ. ಗುಂಡಿಯಲ್ಲಿ ಸುಟ್ಟಾಗಿನಷ್ಟು ನಷ್ಟವೂ ಆಗುತ್ತಿರಲಿಲ್ಲ. ಕುಪ್ಪಸ್ವಾಮಿ ಅದನ್ನು ಬೇರೆ ಚೀಲಗಳಲ್ಲಿ ತುಂಬಿಸತೊಡಗಿದ. ಎರಡು ಗುಂಡಿಗಳನ್ನು ದಾಸಪ್ಪ ಮಣ್ಣು ಹಾಕಿ ಮುಚ್ಚಿ, ಅಲ್ಲಿ ನುಗ್ಗೆ ಕೊಂಬೆ ನೆಟ್ಟ.

ತೊಂಬತ್ತೊಂಬತ್ತರ ಹೊತ್ತಿಗೆ ಪಾಪಿರೆಡ್ಡಿಪಟ್ಟಿ ಕಡೆಯ ಇಬ್ಬರು ಬಂದು ಒಲೆ ನೋಡಿಕೊಂಡು ಹೋದರು. ಒಬ್ಬರದು ನಡೆಯಿತು, ಇನ್ನೊಬ್ಬರು ಬೇಸರಪಟ್ಟು ಗುಂಡಿಗೇ ಮರಳಿದರು. ಅರವಿಂದ್ ಒಂದು ಸಲ ಗಿರಾಕಿಯ ಕಾರನ್ನು ಓಡಿಸಿ ನೋಡುವ ನೆಪದಲ್ಲಿ ಕೆಂಚನಪಟ್ಟಿಯವರೆಗೂ ತಂದು, ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆದ್ದಾರಿಯವರೆಗೆ ಸುತ್ತಿಸಿದ. ಅವಳಿಗೆ ತಲೆ ಸುತ್ತಿತು. ಮತ್ತೆ ಹತ್ತುವುದಿಲ್ಲ ಎಂದಳು.

ರಾಜಾತಿಯ ಜೊತೆ ಮಾತು ಶುರುವಾದರೂ ಮೊದಲಿನ ಸಲಿಗೆ ಬರಲು ಕಾಲ ಹಿಡಿಯಿತು. ಬೇಲಿಯ ಆಚೆಯಿಂದ "ನಾಳೆ ಅಚ್ಲಾ?" ಎಂದು ಇವಳು ಕೇಳುವುದು, "ನಾಳೆ ಬ್ಯಾಡ" ಎಂದೋ "ಆಮಾ, ಅಚ್ಚು" ಎಂದೋ ಅವಳು ಹೇಳುವುದು, ಅಷ್ಟೇ. ಅದರ ಮುಂದಿನ ಸಂಕ್ರಾಂತಿಯ ಹೊತ್ತಿಗೆ, ತೈ ತಿಂಗಳಲ್ಲಿ, ರಾಜಾತಿಯ ಬೆಳೆ ಚೆನ್ನಾಗಿ ಬಂತು. ಹುಳಗಳೆಲ್ಲ ಒಟ್ಟಿಗೆ ಗೂಡು ಕಟ್ಟಿ, ಬಿಡಿಸಲು ಕೈ ಸಾಲದಾಯಿತು. ಮಾರನೆಯ ಬೆಳಗ್ಗೆಯೇ ಧರ್ಮಪುರಿ ಮಾರುಕಟ್ಟೆಗೆ ಹೋಗಬೇಕು.

"ಅಕ್ಕಾ," ಎಂದು ರಾಜಾತಿ ಬೇಲಿಯ ಹತ್ತಿರ ಬಂದು ಕೂಗಿದಳು, "ಕೈ ಬಿಡುವಿದ್ರೆ ವಾಂಗ. ಗೂಡು ಬಿಡಿಸ್ಬೇಕು."

ಮುನಿಶಾಮಮ್ಮ ಮೈ ತೊಳೆದುಕೊಂಡು, ಒಗೆದ ಸೀರೆ ಉಟ್ಟು ಹೋದಳು. ದಾಸಪ್ಪನೂ ಹಿಂದೆಯೇ ಬಂದ. ಹುಳಗಳು ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆಗಳನ್ನು ಅಂಗಳದಲ್ಲಿ ಒರಗಿಸಿಕೊಂಡು ಮೂವರೂ ಕೂತು, ಹಳದಿ ಗೂಡುಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕತೊಡಗಿದರು. ರಾಜಾತಿ ತನ್ನ ಮಗಳಿಗೆ ಓಮಲೂರಿನಿಂದ ಬಂದಿದ್ದ ಸಂಬಂಧದ ವಿಷಯ ತೆಗೆದಳು. ಹುಡುಗ ಒಳ್ಳೆಯವನೇ, ಅವನ ತಾಯಿ ಸ್ವಲ್ಪ ಬಾಯಿ ಜೋರು.

"ಬಾಯಿ ಜೋರಿದ್ರೆ ಒಳ್ಳೇದೇ," ಎಂದಳು ಮುನಿಶಾಮಮ್ಮ. "ಮನ್ಸಲ್ಲಿ ಏನೈತೆ ಅಂತ ತಿಳೀತದೆ."

ರಾಜಾತಿ ನಕ್ಕಳು. ಇನ್ನೊಂದು ಚಂದ್ರಿಕೆಯನ್ನು ಎಳೆದುಕೊಂಡು ಇಬ್ಬರ ನಡುವೆ ಇಟ್ಟಳು.